ಕಳೆ ಮಿಷನ್ ಸ್ಟಾರ್ಟ್ ಆಗ್ತಿಲ್ವಾ? ಕಾರ್ಬುರೇಟರ್ ಬಿಚ್ಚುವ ಮೊದಲು ಪ್ಲಗ್ ಬಿಚ್ಚಿ

ಮಳೆ ಹಿಡಿದು ಹದಿನೈದು ದಿನ. ತೋಟದಲ್ಲಿ ಹುಲ್ಲು ಮೊಣಕಾಲಿಗೆ ಬಂದಿದೆ. ಡಿಸೆಂಬರ್‌ನಲ್ಲಿ ಕೊಟ್ಟಿಗೆ ಮೂಲೆಗೆ ಒರಗಿಸಿಟ್ಟ ಕಳೆ ಮಿಷನ್ ಹೊರಗೆ ತಂದು ಹಗ್ಗ ಎಳೆದರೆ ಅದು ಕೆಮ್ಮುವುದೂ ಇಲ್ಲ. ಮಲೆನಾಡಿನ ಅಡಿಕೆ ತೋಟದವರಿಗೆ ಇದು ವರ್ಷ ವರ್ಷದ ಪಾಡು. ಇಪ್ಪತ್ತು ಸಲ ಎಳೆದು ಭುಜ ನೋವು ಬಂದ ಮೇಲೆ ಮನೆಯಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: 'ಕಾರ್ಬುರೇಟರ್ ಹೋಗಿರ್ಬೇಕು.'

ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಅದು. ಹೆಚ್ಚಿನ ಸಲ ಅದು ಹೋಗಿರುವುದಿಲ್ಲ. ಹಳೇ ಪೆಟ್ರೋಲು, ಮಸಿ ಹಿಡಿದ ಸ್ಪಾರ್ಕ್ ಪ್ಲಗ್, ಕಟ್ಟಿಕೊಂಡ ಫಿಲ್ಟರ್, ಬಿರುಕು ಬಿಟ್ಟ ಪೈಪು, ಇಷ್ಟರಲ್ಲೇ ಎಲ್ಲೋ ಒಂದು ಕಡೆ ತೊಂದರೆ ಇರುತ್ತದೆ. ಆದರೆ ನಾವು ಮೊದಲು ಕೈ ಹಾಕುವುದು ಕಾರ್ಬುರೇಟರ್‌ಗೆ. ಅದರ ಸ್ಕ್ರೂ ಆಚೆ ಈಚೆ ತಿರುಗಿಸಿ, ಒಂದಿದ್ದ ತೊಂದರೆಯನ್ನು ಎರಡು ಮಾಡಿಕೊಳ್ಳುತ್ತೇವೆ. ಹಾಗಾಗಿ ಖರ್ಚಿಲ್ಲದ ಕೆಲಸ ಮೊದಲು, ಬಿಚ್ಚುವ ಕೆಲಸ ಕೊನೆಗೆ. ಇದೇ ಕ್ರಮದಲ್ಲಿ ಬರೆಯುತ್ತೇನೆ.

ಇದು ಟೂ ಸ್ಟ್ರೋಕ್ ಮಿಷನ್‌ಗೆ, ಅಂದರೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕುವಂಥದ್ದಕ್ಕೆ. ಎಂಜಿನ್ ಬುಡದಲ್ಲಿ ಆಯಿಲ್‌ಗೆ ಬೇರೆ ಮುಚ್ಚಳ ಇದ್ದರೆ ನಿಮ್ಮದು ಫೋರ್ ಸ್ಟ್ರೋಕ್. ಅದಕ್ಕೆ ಪ್ಲಗ್ ವಿಚಾರ ಹೊಂದುತ್ತದೆ, ಆಯಿಲ್ ವಿಚಾರ ಹೊಂದುವುದಿಲ್ಲ.

ಕೈ ಹಾಕುವ ಮೊದಲು

ಬ್ಲೇಡ್ ಬಿಚ್ಚಿಡಿ. ಇದೊಂದನ್ನು ಯಾವತ್ತೂ ಬಿಡಬೇಡಿ. ಹಠಾತ್ತನೆ ಸ್ಟಾರ್ಟ್ ಆಗಿ ರೇಸ್ ಏರಿದರೆ ಬ್ಲೇಡ್ ತಿರುಗಿಯೇ ತಿರುಗುತ್ತದೆ. ಕೆಲಸ ಅಂಗಳದಲ್ಲಿ ಮಾಡಿ, ಮುಚ್ಚಿದ ಕೊಟ್ಟಿಗೆಯೊಳಗೆ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ, ತಲೆ ಸುತ್ತುವ ಹೊತ್ತಿಗೆ ತಡ ಆಗಿರುತ್ತದೆ. ಪೆಟ್ರೋಲ್ ಕ್ಯಾನು ಹತ್ತು ಹೆಜ್ಜೆ ದೂರ ಇರಲಿ. ಬೀಡಿ, ಬಚ್ಚಲ ಒಲೆ ಎರಡೂ ಹತ್ತಿರ ಇರಬಾರದು. ಆಗಷ್ಟೇ ಓಡಿ ನಿಂತ ಮಿಷನ್ ಆದರೆ ಸೈಲೆನ್ಸರ್ ಆರುವವರೆಗೆ ಕಾಯಿರಿ. ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿ ಇಡುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ದಯವಿಟ್ಟು ಬಿಡಿ. ಬಾಯಾರಿ ಬಂದ ಮಗುವಿಗೆ ಅದು ನೀರಿನ ಬಾಟಲಿಯೇ.

ಎಷ್ಟು ಎಳೆದರೂ ಸದ್ದೇ ಇಲ್ಲ

ಮೊದಲು ಸ್ವಿಚ್ ನೋಡಿ. ಆನ್ ಕಡೆ ಇದೆಯಾ? ಇದನ್ನು ಕೇಳಿದ್ದಕ್ಕೆ ಬೇಜಾರು ಬೇಡ. ಹ್ಯಾಂಡಲ್‌ನಲ್ಲಿರುವ ಆ ಸಣ್ಣ ಕೆಂಪು ಸ್ವಿಚ್ ತಾಗಿ ಆಫ್ ಆಗುವುದು ಮಾಮೂಲು.

ಆಮೇಲೆ ಪೆಟ್ರೋಲು. ಆರು ತಿಂಗಳಿನಿಂದ ಟ್ಯಾಂಕಿನಲ್ಲೇ ಇದ್ದದ್ದಾದರೆ ಚೆಲ್ಲುವುದೇ ಲೇಸು. ಮುಚ್ಚಳ ತೆಗೆದು ಮೂಸಿ ನೋಡಿ, ಹೊಸ ಪೆಟ್ರೋಲಿನ ಚುರುಕು ವಾಸನೆ ಹೋಗಿ ಹಳೇ ವಾರ್ನಿಶ್ ತರ ಬಂದರೆ ಅದು ಕೆಟ್ಟಿದೆ. ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ಶೇ. 20ರಷ್ಟು ಎಥನಾಲ್ ಬೆರೆತದ್ದು. ಎಥನಾಲ್ ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ತೇವಕ್ಕೇನು ಕಮ್ಮಿ? ನೀರು ಒಂದು ಹದ ಮೀರಿದರೆ ಎಥನಾಲೂ ನೀರೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪೆಟ್ರೋಲು ಆಯಿಲ್ ಮೇಲೆ ಉಳಿಯುತ್ತವೆ. ಫಿಲ್ಟರ್ ಕೂತಿರುವುದು ತಳದಲ್ಲಿ. ಅಂದರೆ ಎಂಜಿನ್‌ಗೆ ಹೋಗುವುದು ಆಯಿಲ್ ಇಲ್ಲದ ನೀರು ಮಿಶ್ರಣ. ಸ್ಟಾರ್ಟ್ ಆಗದಿದ್ದರೆ ಪುಣ್ಯ, ಸ್ಟಾರ್ಟ್ ಆದರೆ ಪಿಸ್ಟನ್ ಉಜ್ಜಿಹೋಗುತ್ತದೆ. ಅನುಮಾನ ಇದ್ದರೆ ಟ್ಯಾಂಕಿನದನ್ನು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಅಲುಗಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಉತ್ತರ ಸಿಕ್ಕಿತು. ನೋಡಿಯಾದ ಕೂಡಲೇ ಬಾಟಲಿ ಖಾಲಿ ಮಾಡಿ.

ಹೊಸ ಪೆಟ್ರೋಲಿಗೆ ಆಯಿಲ್ ಎಷ್ಟು ಅನ್ನುವುದು ನಿಮ್ಮ ಮಿಷನ್ನಿನ ಪುಸ್ತಕದಲ್ಲಿದೆ. 50ಕ್ಕೆ 1 ಅಂದರೆ ಲೀಟರಿಗೆ 20 ಮಿ.ಲೀ. 40ಕ್ಕೆ 1 ಅಂದರೆ 25 ಮಿ.ಲೀ. 25ಕ್ಕೆ 1 ಅಂದರೆ 40 ಮಿ.ಲೀ. 2ಟಿ (ಟೂ ಸ್ಟ್ರೋಕ್) ಆಯಿಲೇ ಆಗಬೇಕು, ಬೈಕಿನ 4ಟಿ ಆಯಿಲ್ ಬೇಡ. ಅಳತೆಗೆ ಔಷಧಿ ಅಂಗಡಿಯ ಸಿರಿಂಜ್ ಇಟ್ಟುಕೊಳ್ಳಿ, ಮುಚ್ಚಳದ ಲೆಕ್ಕ ನಂಬಬೇಡಿ. 2ಟಿ ಆಯಿಲ್‌ಗೆ ಸಾಮಾನ್ಯವಾಗಿ ಬಣ್ಣ ಹಾಕಿರುತ್ತಾರೆ, ಬೆರೆಸಿದ ಪೆಟ್ರೋಲಿನಲ್ಲಿ ಅದರ ಛಾಯೆ ಕಾಣುತ್ತದೆ. ಆಯಿಲ್ ಹಾಕಿದ್ದೇನೋ ಇಲ್ಲವೋ ಅಂತ ಅನುಮಾನ ಬಂದರೆ ಆ ಕ್ಯಾನಿನದ್ದನ್ನು ಮಿಷನ್ನಿಗೆ ಹಾಕಲೇಬೇಡಿ.

ಇಷ್ಟಾದರೂ ಸದ್ದಿಲ್ಲವಾ? ಚೋಕ್ (ಗಾಳಿ ಕಮ್ಮಿ ಮಾಡುವ ಬಾಗಿಲು) ಹಾಕಿ ಐದಾರು ಸಲ ಎಳೆದು, ತಕ್ಷಣ ಪ್ಲಗ್ ಬಿಚ್ಚಿ. ತುದಿಯನ್ನು ಬೆರಳಿಂದ ಮುಟ್ಟಿ ನೋಡಿ. ಇನ್ನು ಮುಂದಿನ ದಾರಿಯೆಲ್ಲ ಆ ತುದಿ ಒದ್ದೆಯೋ ಒಣವೋ ಅನ್ನುವುದರ ಮೇಲೆ ನಿಂತಿದೆ.

ಪ್ಲಗ್ ಒದ್ದೆ ಇದೆ

ಒದ್ದೆ ಅಂದರೆ ಪೆಟ್ರೋಲು ಒಳಗೆ ಬರುತ್ತಿದೆ. ಕಾರ್ಬುರೇಟರ್ ಸದ್ಯಕ್ಕೆ ಬಚಾವ್. ಒಂದೋ ಪೆಟ್ರೋಲು ಜಾಸ್ತಿ ತುಂಬಿದೆ, ಇಲ್ಲವೇ ಕಿಡಿ ಬರುತ್ತಿಲ್ಲ.

ತುಂಬಿದ್ದಾದರೆ ಸುಲಭ. ಸ್ವಿಚ್ ಆಫ್ ಮಾಡಿ, ಚೋಕ್ ತೆಗೆದು, ಪ್ಲಗ್ ಇಲ್ಲದೆಯೇ ಆರೇಳು ಸಲ ಹಗ್ಗ ಎಳೆಯಿರಿ. ಪ್ಲಗ್ ತೂತಿಗೆ ಮುಖ ಕೊಡಬೇಡಿ, ಪೆಟ್ರೋಲು ಚಿಮ್ಮುತ್ತದೆ. ಐದು ನಿಮಿಷ ಆರಲು ಬಿಡಿ. ಪ್ಲಗ್ ಒರೆಸಿ ಹಾಕಿ, ಸ್ವಿಚ್ ಆನ್ ಮಾಡಿ, ಚೋಕ್ ಇಲ್ಲದೆ, ರೇಸ್ ಪೂರ್ತಿ ಒತ್ತಿ ಎಳೆಯಿರಿ. ಬಿಚ್ಚಿಟ್ಟ ಬ್ಲೇಡ್ ಈಗಲೂ ಹೊರಗೇ ಇರಲಿ. ಸ್ಟಾರ್ಟ್ ಆದ ಕೂಡಲೇ ರೇಸ್ ಬಿಡಿ.

ಆಗಲಿಲ್ಲವಾದರೆ ಕಿಡಿ ನೋಡಬೇಕು. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ತಿರುಪಿನ ಸುತ್ತುಗಳು ಸಿಲಿಂಡರಿನ ಬರಿ ಲೋಹಕ್ಕೆ ಗಟ್ಟಿಯಾಗಿ ತಾಗುವ ಹಾಗೆ ಹಿಡಿಯಿರಿ. ಆದರೆ ಪ್ಲಗ್ ತೂತಿನಿಂದ ಆದಷ್ಟು ದೂರ, ಆ ತೂತಿಗೆ ಬಟ್ಟೆ ಮುಚ್ಚಿ. ತೂತಿನಿಂದ ಬರುವ ಪೆಟ್ರೋಲಿನ ಆವಿಗೆ ಕಿಡಿ ತಗುಲಿದರೆ ಬೆಂಕಿಯೇ. ಹಿಡಿಯುವುದು ರಬ್ಬರ್ ಕ್ಯಾಪನ್ನು, ಲೋಹವನ್ನಲ್ಲ. ನೆರಳಿನಲ್ಲಿ ನಿಂತು ಇನ್ನೊಬ್ಬರ ಹತ್ತಿರ ಹಗ್ಗ ಎಳೆಸಿ. ನೀಲಿ ಕಿಡಿ ಚಟ್ ಅಂತ ಸದ್ದು ಮಾಡಿದರೆ ಸರಿ ಇದೆ. ಕೆಂಪಗೆ, ತೆಳ್ಳಗೆ, ಬಂದೂ ಬಾರದ ಹಾಗಿದ್ದರೆ ಕಿಡಿ ದುರ್ಬಲ. ಪ್ಲಗ್ ಕ್ಯಾಪನ್ನು ಎಲ್ಲಿಗೂ ತಾಗಿಸದೆ ಗಾಳಿಯಲ್ಲಿ ಬಿಟ್ಟು ಹಗ್ಗ ಎಳೆಯಬೇಡಿ, ಕಿಡಿಗೆ ಕರೆಂಟು ಕೊಡುವ ಕಾಯಿಲ್ ಕೆಡುವುದು ಹಾಗೆಯೇ.

ಕಿಡಿ ಇಲ್ಲದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ. ನೂರಿನ್ನೂರು ರೂಪಾಯಿಯ ವಸ್ತು. ಹಳೆಯದರ ಮೇಲಿರುವ ನಂಬರನ್ನೇ ತನ್ನಿ. ಉದ್ದ ಜಾಸ್ತಿಯಾದರೆ ಪಿಸ್ಟನ್ನಿಗೆ ತಾಗಬಹುದು. ತುದಿಯ ಗ್ಯಾಪು ಸುಮಾರು 0.6ರಿಂದ 0.7 ಮಿ.ಮೀ. ಇರಬೇಕು. ಹೊಸ ಪ್ಲಗ್ಗಿಗೂ ಕಿಡಿ ಬರಲಿಲ್ಲವಾದರೆ ಕ್ಯಾಪ್ ತೆಗೆದು ಒಳಗಿನ ಸ್ಪ್ರಿಂಗ್ ನೋಡಿ, ತುಕ್ಕು ಹಿಡಿದಿರುತ್ತದೆ ಅಥವಾ ವಯರಿನಿಂದ ಜಾರಿರುತ್ತದೆ. ಆಮೇಲೆ ಕಾಯಿಲ್‌ನಿಂದ ಸ್ವಿಚ್ಚಿಗೆ ಹೋಗುವ ತೆಳು ವಯರ್ ಬಿಡಿಸಿ ಇನ್ನೊಮ್ಮೆ ಕಿಡಿ ನೋಡಿ. ಈಗ ಬಂತಾ? ಹಾಗಾದರೆ ಕಾಯಿಲ್ ಚೆನ್ನಾಗಿದೆ. ತೊಂದರೆ ಇರುವುದು ಸ್ವಿಚ್ಚಿನಲ್ಲಿ ಅಥವಾ ಆ ವಯರು ಎಲ್ಲೋ ಸಿಪ್ಪೆ ಸುಲಿದು ಕಬ್ಬಿಣಕ್ಕೆ ತಾಗಿದೆ. ಹ್ಯಾಂಡಲ್ ಹತ್ತಿರ ಬಗ್ಗುವ ಜಾಗದಲ್ಲೇ ಹೆಚ್ಚಾಗಿ ಸವೆಯುತ್ತದೆ. ವಯರ್ ಬಿಡಿಸಿಟ್ಟೇ ಕೆಲಸಕ್ಕೆ ಇಳಿಯಬೇಡಿ, ಆಗ ಸ್ವಿಚ್ಚಿನಿಂದ ಮಿಷನ್ ನಿಲ್ಲುವುದಿಲ್ಲ.

ಇನ್ನೂ ಇಲ್ಲ ಅಂದರೆ ಕಾಯಿಲ್ ಮತ್ತು ಮ್ಯಾಗ್ನೆಟ್ ನಡುವಿನ ಸಂದು. ಈ ಮಿಷನ್‌ಗಳಿಗೆ ಬ್ಯಾಟರಿ ಇಲ್ಲ. ತಿರುಗುವ ಚಕ್ರದ ಮ್ಯಾಗ್ನೆಟ್ಟು ಕಾಯಿಲ್ ಪಕ್ಕ ಹಾದುಹೋದಾಗಲೇ ಕರೆಂಟು ಹುಟ್ಟುವುದು. ಸಂದು ಸುಮಾರು 0.3 ಮಿ.ಮೀ. ಇರಬೇಕು. ಒಂದು ವಿಸಿಟಿಂಗ್ ಕಾರ್ಡ್ ಸಾಕು. ಕಾಯಿಲ್‌ನ ಎರಡು ಸ್ಕ್ರೂ ಸಡಿಲಿಸಿ, ಮ್ಯಾಗ್ನೆಟ್ಟನ್ನು ಎದುರಿಗೆ ತಂದು, ನಡುವೆ ಕಾರ್ಡ್ ತೂರಿಸಿದರೆ ಮ್ಯಾಗ್ನೆಟ್ಟೇ ಕಾಯಿಲ್ಲನ್ನು ಟಕ್ ಅಂತ ಎಳೆದುಕೊಳ್ಳುತ್ತದೆ. ಹಾಗೇ ಸ್ಕ್ರೂ ಬಿಗಿದು, ಚಕ್ರ ತಿರುಗಿಸಿ ಕಾರ್ಡ್ ಹೊರತೆಗೆಯಿರಿ. ಮ್ಯಾಗ್ನೆಟ್ ಮೇಲೆ ತುಕ್ಕಿದ್ದರೆ ತೆಳು ಎಮರಿ ಪೇಪರ್‌ನಿಂದ ಉಜ್ಜಿ. ಇಷ್ಟು ಮಾಡಿದ ಮೇಲೂ ಕಿಡಿ ಇಲ್ಲದಿದ್ದರೆ ಕಾಯಿಲ್ ಬದಲಿಸುವುದೇ. ಇದನ್ನು ಮೀಟರ್ ಹಿಡಿದು ಪರೀಕ್ಷಿಸಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ, ಚೆನ್ನಾಗಿ ಓಡುವ ಇನ್ನೊಂದು ಮಿಷನ್ನಿನ ಕಾಯಿಲ್ ಹಾಕಿ ನೋಡುವುದೇ ಖಾತ್ರಿ.

ಪ್ಲಗ್ ಒಣಗಿದೆ

ಪೆಟ್ರೋಲು ಸಿಲಿಂಡರಿಗೆ ಮುಟ್ಟುತ್ತಿಲ್ಲ. ಕಾರ್ಬುರೇಟರ್ ಕೆಳಗಿನ ರಬ್ಬರ್ ಬಲ್ಬನ್ನು ಒತ್ತಿ ನೋಡಿ. ಅದರ ನಡತೆಯಲ್ಲೇ ಅರ್ಧ ಉತ್ತರ ಇದೆ. ಒತ್ತಿದ್ದು ಚಪ್ಪಟೆಯಾಗೇ ಉಳಿದು ನಿಧಾನಕ್ಕೆ ಉಬ್ಬಿದರೆ ಟ್ಯಾಂಕಿನ ಫಿಲ್ಟರ್ ಕಟ್ಟಿದೆ. ಎಷ್ಟು ಒತ್ತಿದರೂ ಬರೀ ಗುಳ್ಳೆ ಬಂದರೆ ಪೈಪು ಎಲ್ಲೋ ಸೀಳಿದೆ ಅಥವಾ ಬಲ್ಬೇ ಬಿರಿದಿದೆ. ಏಳೆಂಟು ಒತ್ತಿಗೆ ಪೆಟ್ರೋಲು ತುಂಬಿ, ಉಳಿದದ್ದು ಸಣ್ಣ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಬೀಳುತ್ತಿದ್ದರೆ ಅಲ್ಲಿಯವರೆಗೆ ದಾರಿ ಸರಿ ಇದೆ.

ಫಿಲ್ಟರನ್ನು ಟ್ಯಾಂಕಿನ ಬಾಯಿಂದ ಕೊಕ್ಕೆ ಮಾಡಿದ ತಂತಿಯಲ್ಲಿ ಎತ್ತಬಹುದು. ಅದು ಕಪ್ಪಾಗಿ ಗಟ್ಟಿಯಾಗಿದ್ದರೆ ತೊಳೆಯುತ್ತಾ ಕೂರಬೇಡಿ, ಹೊಸದು ಹಾಕಿ. ಪೈಪನ್ನು ಬಗ್ಗಿಸಿ ನೋಡಿ, ಅದು ಟ್ಯಾಂಕಿನೊಳಗೆ ಹೋಗುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಇರುತ್ತದೆ, ಸುಮ್ನೆ ನೋಡಿದರೆ ಕಾಣುವುದೇ ಇಲ್ಲ. ಪೈಪಿಗೆ ಬಾಯಿ ಹಾಕಿ ಮಾತ್ರ ಎಳೆಯಬೇಡಿ.

ಚೋಕ್ ಹಾಕಿದರೆ ಓಡುತ್ತದೆ, ತೆಗೆದರೆ ನಿಲ್ಲುತ್ತದೆ

ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಇಲ್ಲ. ಕಾರ್ಬುರೇಟರ್ ಹಿಡಿದಿರುವ ಎರಡು ಬೋಲ್ಟ್ ಮೊದಲು ಬಿಗಿ ನೋಡಿ, ನಡುಕಕ್ಕೆ ಸಡಿಲಾಗಿರುತ್ತವೆ. ಅದರ ಹಿಂದಿನ ಪ್ಯಾಕಿಂಗ್ ಹರಿದಿದ್ದರೂ ಗಾಳಿ ಹೊಗುತ್ತದೆ. ಫಿಲ್ಟರ್, ಪೈಪು ಮೇಲೆ ಹೇಳಿದ ಹಾಗೆ ನೋಡಿ. ಅವೆಲ್ಲ ಸರಿ ಇದ್ದರೆ ಮಾತ್ರ ಈಗ ಕಾರ್ಬುರೇಟರ್ ಸರದಿ.

ಬೈಕಿನ ಹಾಗೆ ಇದರಲ್ಲಿ ಫ್ಲೋಟ್ ಇರುವುದಿಲ್ಲ. ಮಿಷನ್ ಹೇಗೆ ಓರೆ ಮಾಡಿದರೂ ಓಡಬೇಕಲ್ವಾ, ಅದಕ್ಕೆ ಒಳಗೆ ಎರಡು ತೆಳು ಡಯಾಫ್ರಂ ಇವೆ. ಒಂದು ಪೆಟ್ರೋಲು ಪಂಪ್ ಮಾಡುತ್ತದೆ, ಇನ್ನೊಂದು ಸೂಜಿಯನ್ನು ಎತ್ತಿ ಇಳಿಸಿ ಅಳತೆ ನೋಡುತ್ತದೆ. ಪ್ರತಿ ಪದರ ತೆಗೆಯುವಾಗಲೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಪ್ಯಾಕಿಂಗ್ ಮೊದಲೋ ಡಯಾಫ್ರಂ ಮೊದಲೋ ಅನ್ನುವ ಕ್ರಮ ತಪ್ಪಿದರೆ ಮಿಷನ್ ಓಡುವುದಿಲ್ಲ. ಒಳ್ಳೆಯ ಡಯಾಫ್ರಂ ಬೆರಳಲ್ಲಿ ಹಿಡಿದರೆ ವೀಳ್ಯದೆಲೆಯ ಹಾಗೆ ಮೆತ್ತಗೆ ಬಾಗುತ್ತದೆ. ಗಟ್ಟಿಯಾಗಿ, ಕಿವಿ ಹತ್ತಿರ ಹಿಡಿದು ಬಗ್ಗಿಸಿದರೆ ಪಟಪಟ ಅನ್ನುವ ಹಾಗಿದ್ದರೆ ಅದರ ಆಯಸ್ಸು ಮುಗಿಯಿತು. ಡಯಾಫ್ರಂ ಮತ್ತು ಪ್ಯಾಕಿಂಗ್ ಸೇರಿಸಿದ ಕಿಟ್ ಸಿಗುತ್ತದೆ, ಇಡೀ ಕಾರ್ಬುರೇಟರ್ ಬದಲಿಸುವ ಮೊದಲು ಅದನ್ನು ಕೇಳಿ. ಒಳಗೆ ಬೆರಳಿನ ಉಗುರಿಗಿಂತ ಚಿಕ್ಕ ಜಾಲರಿಯೊಂದಿದೆ, ಅದರ ಮೇಲೆ ಕಂದು ಅಂಟು ಕೂತಿದ್ದರೆ ಕಾರ್ಬುರೇಟರ್ ಕ್ಲೀನರ್ ಹೊಡೆದು ತೊಳೆಯಿರಿ. ಕಣ್ಣಿಗೆ ಕನ್ನಡಕ ಇರಲಿ. ಆ ಸ್ಪ್ರೇ ಒಂದು ತೂತಿಗೆ ಹೊಡೆದರೆ ಇನ್ನೊಂದು ತೂತಿನಿಂದ ನೇರ ಮುಖಕ್ಕೆ ಬರುತ್ತದೆ. ಜೆಟ್‌ಗೆ, ಅಂದರೆ ಪೆಟ್ರೋಲು ಬರುವ ಸಣ್ಣ ತೂತಿಗೆ, ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಮತ್ತೆ ಸರಿ ಮಾಡಲು ಬರುವುದಿಲ್ಲ. ಡಯಾಫ್ರಂ ಒಳಗಿರುವಾಗ ಪಂಕ್ಚರ್ ಅಂಗಡಿಯ ಗಾಳಿಯನ್ನೂ ಹಿಡಿಯಬೇಡಿ, ಹರಿದುಹೋಗುತ್ತದೆ.

ಎಚ್, ಎಲ್ ಅಂತ ಬರೆದಿರುವ, ಪೆಟ್ರೋಲಿನ ಅಳತೆ ನೋಡುವ ಸ್ಕ್ರೂಗಳನ್ನು ತೆಗೆಯುವುದಾದರೆ ಮೊದಲು ಮೆತ್ತಗೆ ಒಳಗೆ ಕೂರುವವರೆಗೆ ತಿರುಗಿಸಿ, ಎಷ್ಟು ಸುತ್ತು ಆಯಿತು ಅಂತ ಬರೆದಿಡಿ. ವಾಪಸ್ ಹಾಕುವಾಗ ಅಷ್ಟೇ ಸುತ್ತು ಹೊರಗೆ ಬರಬೇಕು. ಎಚ್ ಸ್ಕ್ರೂವನ್ನು ಒಳಗೆ ತಿರುಗಿಸಿದಷ್ಟೂ ಪೆಟ್ರೋಲು ಕಮ್ಮಿ, ಪೆಟ್ರೋಲು ಕಮ್ಮಿಯಾದರೆ ಅದರ ಜೊತೆ ಬರುವ ಆಯಿಲೂ ಕಮ್ಮಿ. ಮಿಷನ್ ಆಗ ಚುರುಕಾಗಿ ಕೂಗುತ್ತದೆ, ಕೇಳಲು ಖುಷಿ. ಆದರೆ ಪಿಸ್ಟನ್ ಸೀಜ್ ಆಗುವುದು ಅದೇ ಕೂಗಿನಲ್ಲಿ.

ಸ್ಲೋ ಓಡುತ್ತದೆ, ರೇಸ್ ಕೊಟ್ಟರೆ ಉಸಿರು ಕಟ್ಟುತ್ತದೆ

ಏರ್ ಫಿಲ್ಟರ್ ತೆಗೆಯಿರಿ. ಸ್ಪಂಜ್ ಆದರೆ ಸೋಪು ನೀರಲ್ಲಿ ಹಿಂಡಿ, ಪೂರ್ತಿ ಒಣಗಿಸಿ ಹಾಕಿ. ಪೆಟ್ರೋಲಿನಲ್ಲಿ ತೊಳೆದರೆ ಸ್ಪಂಜ್ ಬೇಗ ಪುಡಿಯಾಗುತ್ತದೆ. ಫಿಲ್ಟರ್ ಇಲ್ಲದೆ ಓಡಿಸಬೇಡಿ, ಹುಲ್ಲಿನ ಧೂಳು ಸಿಲಿಂಡರನ್ನು ಮರಳು ಕಾಗದದ ಹಾಗೆ ತಿನ್ನುತ್ತದೆ.

ಆಮೇಲೆ ಸೈಲೆನ್ಸರ್. ಇದನ್ನು ಯಾರೂ ನೋಡುವುದಿಲ್ಲ. ಎರಡು ವರ್ಷದ ಹಿಂದೆ ನನ್ನ ಮಿಷನ್ ಇದೇ ರೀತಿ ಉಸಿರು ಕಟ್ಟಿತು. ರಿಪೇರಿ ಅಂಗಡಿಯಲ್ಲಿ ಕಾರ್ಬುರೇಟರ್ ಹೊಸದು ಹಾಕಿಸಿಕೊಂಡು ಬಂದೆ. ಮನೆಗೆ ತಂದು ಅರ್ಧ ಸಾಲು ಹುಲ್ಲು ಹೊಡೆಯುವುದರೊಳಗೆ ಮತ್ತೆ ಅದೇ. ಸಿಟ್ಟಿನಲ್ಲಿ ಕೂತು ಒಂದೊಂದೇ ಬಿಚ್ಚುತ್ತಾ ಹೋದೆ. ಸೈಲೆನ್ಸರ್ ಬಿಚ್ಚಿ ಕೊಡವಿದಾಗ ಒಣ ಮಣ್ಣಿನ ಉಂಡೆ ಉದುರಿತು, ಒಳಗೆ ಸಣ್ಣ ಸಣ್ಣ ಕೋಣೆ, ಅದರಲ್ಲಿ ಒಣಗಿದ ಜೇಡಗಳು. ಬೇಸಿಗೆಯಲ್ಲಿ ಮಿಷನ್ ಕೊಟ್ಟಿಗೆಯಲ್ಲಿದ್ದಾಗ ಕುಂಬಾರ ಹುಳ ಹೊಗೆ ಬಾಯಿಯೊಳಗೆ ಗೂಡು ಕಟ್ಟಿತ್ತು. ಆ ಮಣ್ಣು ತೆಗೆದ ಮೇಲೆ ಮಿಷನ್ ಓಡಿದ್ದು ಹೊಸದರ ಹಾಗೆ. ಹಳೇ ಕಾರ್ಬುರೇಟರ್ ಈಗಲೂ ನನ್ನ ಹತ್ತಿರ ಇದೆ, ಚೆನ್ನಾಗೇ ಇದೆ.

ಹುಳ ಇಲ್ಲದಿದ್ದರೂ ಕಾರ್ಬನ್ ಇರುತ್ತದೆ. ಆಯಿಲ್ ಜಾಸ್ತಿ ಹಾಕುವವರ ಮಿಷನ್‌ಗಳಲ್ಲಿ ಇದು ಬೇಗ. ಹೊಗೆ ಬಾಯಿಯಲ್ಲಿ ಕಿಡಿ ತಡೆಯುವ ಸಣ್ಣ ಜಾಲರಿ ಇದ್ದರೆ ತಂತಿ ಬ್ರಷ್‌ನಿಂದ ಉಜ್ಜಿ. ಸಿಲಿಂಡರ್ ಕಡೆಯ ತೂತಿನ ಮಸಿಯನ್ನು ಕೆರೆಯುವಾಗ ಪಿಸ್ಟನ್ ಆ ತೂತನ್ನು ಮುಚ್ಚಿರುವ ಹಾಗೆ ಇಟ್ಟುಕೊಂಡು, ಬಿದಿರು ಕಡ್ಡಿಯಿಂದ ಕೆರೆಯಿರಿ. ಸ್ಕ್ರೂ ಡ್ರೈವರ್ ಬೇಡ.

ಸೈಲೆನ್ಸರ್ ಹೇಗೂ ಬಿಚ್ಚಿದ್ದೀರಿ. ಟಾರ್ಚ್ ಹಿಡಿದು ಪಿಸ್ಟನ್ ನೋಡಿಬಿಡಿ. ನುಣುಪಾಗಿದ್ದರೆ ಸಂತೋಷ. ಉದ್ದಕ್ಕೆ ಗೀರು ಕಂಡರೆ ಇನ್ನು ಮುಂದೆ ಹಗ್ಗ ಎಳೆಯಬೇಡಿ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು, ಅದು ವರ್ಕ್‌ಶಾಪಿನ ಕೆಲಸ.

ಇಪ್ಪತ್ತು ನಿಮಿಷ ಓಡಿ ನಿಲ್ಲುತ್ತದೆ, ಆರಿದ ಮೇಲೆ ಮತ್ತೆ ಓಡುತ್ತದೆ

'ಅಣ್ಣಾ, ಬಿಸಿ ಆದ್ಮೇಲೆ ನಿಂತೋಗ್ತದೆ' ಅಂತ ಕೆಲಸಕ್ಕೆ ಬರುವ ಹುಡುಗ ಹೇಳಿದರೆ ಎರಡು ಕಡೆ ನೋಡಬೇಕು. ನಿಂತ ತಕ್ಷಣ ಟ್ಯಾಂಕಿನ ಮುಚ್ಚಳ ನಿಧಾನ ಸಡಿಲಿಸಿ, ಮುಖ ದೂರ ಇಟ್ಟುಕೊಂಡು. ಉಸ್ ಅಂತ ಗಾಳಿ ಒಳಗೆ ಎಳೆದ ಸದ್ದು ಬಂದು, ಆಮೇಲೆ ಮಿಷನ್ ಓಡಿದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಪೆಟ್ರೋಲು ಖಾಲಿಯಾದಷ್ಟು ಗಾಳಿ ಒಳಗೆ ಬರಬೇಕು, ಬರದಿದ್ದರೆ ಪೆಟ್ರೋಲು ಇಳಿಯುವುದಿಲ್ಲ. ಮುಚ್ಚಳ ಅಥವಾ ಅದರ ಪುಟ್ಟ ವಾಲ್ವ್ ಸ್ವಚ್ಛ ಮಾಡಿದರೆ ಆಯಿತು.

ಅದಲ್ಲ ಅಂದರೆ ಮಿಷನ್ ಬಿಸಿ ಇರುವಾಗಲೇ ಕಿಡಿ ನೋಡಿ. ಕೈಗೆ ಗ್ಲೌಸ್ ಹಾಕಿ, ಸೈಲೆನ್ಸರ್ ಜೋಪಾನ. ಬಿಸಿಯಲ್ಲಿ ಕಿಡಿ ಇಲ್ಲ, ಆರಿದ ಮೇಲೆ ಇದೆ ಅಂದರೆ ಕಾಯಿಲ್ ಒಳಗೇ ಕೆಟ್ಟಿದೆ. ಅಂಗಡಿಗೆ ಒಯ್ಯುವಷ್ಟರಲ್ಲಿ ಅದು ಆರಿ ಸರಿಯಾಗಿಬಿಡುತ್ತದೆ, ಅದಕ್ಕೇ ಈ ತೊಂದರೆ ಅಲ್ಲಿ ಸಿಗುವುದಿಲ್ಲ. ಸಿಲಿಂಡರಿನ ರೆಕ್ಕೆಗಳ ನಡುವೆ ಹುಲ್ಲು ತುಂಬಿ ಗಾಳಿ ಆಡದೆ ಎಂಜಿನ್ ಬಿಸಿಯೇರುವುದೂ ಉಂಟು. ಕವರ್ ತೆಗೆದು ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತೆಗೆಯಿರಿ.

ರೇಸ್ ಬಿಟ್ಟರೂ ಕೂಗುತ್ತದೆ

ಕೂಡಲೇ ನಿಲ್ಲಿಸಿ. ಸ್ವಿಚ್ ಕೆಲಸ ಮಾಡದಿದ್ದರೆ ಚೋಕ್ ಪೂರ್ತಿ ಹಾಕಿ, ಉಸಿರು ಕಟ್ಟಿ ನಿಲ್ಲುತ್ತದೆ. ಕೇಬಲ್ ಸಿಕ್ಕಿಕೊಂಡಿದೆಯಾ ನೋಡಿ, ಗ್ರೀಸ್ ಮೆತ್ತಿದ ಕೇಬಲ್ಲಿಗೆ ಧೂಳು ಹಿಡಿದು ಹೀಗಾಗುತ್ತದೆ. ಕೇಬಲ್ ಸಲೀಸಾಗಿ ಆಡುತ್ತಿದ್ದರೆ ಎಲ್ಲೋ ಗಾಳಿ ಹೊಗುತ್ತಿದೆ. ಕಾರ್ಬುರೇಟರ್ ಬೋಲ್ಟ್, ಪ್ಯಾಕಿಂಗ್ ಸರಿ ಇದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಮೇಲೆ ಅನುಮಾನ. ಮಿಷನ್ ಓರೆ ಮಾಡಿದಾಗ ಸ್ಲೋ ಏರಿಳಿದರೆ ಆ ಅನುಮಾನ ಗಟ್ಟಿ. ಗಾಳಿ ಒತ್ತಿ ಸೋರಿಕೆ ಹುಡುಕುವ ಸಾಧನ ಇರುವವರ ಹತ್ತಿರ ಒಯ್ಯಿರಿ. ಸ್ಕ್ರೂ ತಿರುಗಿಸಿ ಕೂಗು ಇಳಿಸಿ 'ಇವತ್ತೊಂದು ದಿನ ಓಡಲಿ' ಅಂತ ತೋಟಕ್ಕೆ ಇಳಿದರೆ ಸಂಜೆಯೊಳಗೆ ಸಿಲಿಂಡರ್ ಹೋಗಿರುತ್ತದೆ.

ಕೂಗು ಇಲ್ಲ, ಸ್ಲೋನಲ್ಲೇ ಬ್ಲೇಡ್ ತಿರುಗುತ್ತದೆ ಅಂದರೆ ಅದು ಬೇರೆ. ಸ್ಲೋ ಸ್ಕ್ರೂ ಸ್ವಲ್ಪ ಇಳಿಸಿ. ಆಗಲೂ ನಿಲ್ಲದಿದ್ದರೆ ಕ್ಲಚ್ ಸ್ಪ್ರಿಂಗ್ ಮುರಿದಿರಬಹುದು.

ಹಗ್ಗ ಕೈಯಿಂದ ಕಿತ್ತುಕೊಳ್ಳುತ್ತದೆ, ಅಥವಾ ತೀರಾ ಹಗುರ ಬರುತ್ತದೆ

ಎಳೆದಾಗ ಹಗ್ಗ ಹಿಂದಕ್ಕೆ ಜಗ್ಗಿ ಬೆರಳು ನೋಯಿಸಿದರೆ ಮ್ಯಾಗ್ನೆಟ್ ಚಕ್ರದ ಕೀ ತುಂಡಾಗಿ ಕಿಡಿ ಬರುವ ಹೊತ್ತು ತಪ್ಪಿರಬಹುದು. ಬ್ಲೇಡ್ ಕಲ್ಲಿಗೆ ಬಲವಾಗಿ ಬಡಿದ ಮೇಲೆ ಹೀಗಾದರೆ ಅದೇ. ಹಗುರ ಬಂದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಇಲ್ಲ. ಪ್ಲಗ್ ಬಿಗಿಯಾಗಿದೆಯಾ ಒಮ್ಮೆ ನೋಡಿ. ಗೇಜ್ ಹಾಕಿದಾಗ 100 ಪಿಎಸ್‌ಐಗಿಂತ ಕೆಳಗೆ ತೋರಿಸಿದರೆ ರಿಂಗ್, ಪಿಸ್ಟನ್ ಸವೆದಿವೆ ಅನ್ನುವ ಲೆಕ್ಕ. ಎರಡೂ ಅಂಗಡಿಯ ಕೆಲಸ.

ಪ್ಲಗ್ಗಿನ ಬಣ್ಣ

ಹತ್ತು ನಿಮಿಷ ಓಡಿಸಿ, ಆರಿದ ಮೇಲೆ ಬಿಚ್ಚಿ. ತುದಿ ಕಾಫಿ ಪುಡಿ ಬಣ್ಣ ಇದ್ದರೆ ಎಲ್ಲ ಸರಿ. ಒಣ ಮಸಿ ಇದ್ದರೆ ಪೆಟ್ರೋಲು ಜಾಸ್ತಿ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಎಣ್ಣೆ ಜಿಡ್ಡಿನ ಕಪ್ಪು ಇದ್ದರೆ ಆಯಿಲ್ ಜಾಸ್ತಿ. ಸುಣ್ಣದ ಹಾಗೆ ಬಿಳಿ ಇದ್ದರೆ ಪೆಟ್ರೋಲು ಕಮ್ಮಿ, ಎಂಜಿನ್ ವಿಪರೀತ ಬಿಸಿಯಾಗುತ್ತಿದೆ, ಕಾರಣ ಸಿಗುವವರೆಗೆ ಓಡಿಸಬೇಡಿ. ಬೆಳ್ಳಿ ಬಣ್ಣದ ಸಣ್ಣ ಚುಕ್ಕೆ ಅಂಟಿದ್ದರೆ ಅದು ಕರಗಿದ ಪಿಸ್ಟನ್ನಿನ ಅಲ್ಯೂಮಿನಿಯಂ.

ಎತ್ತಿಡುವಾಗ

ಕೊನೇ ಸಲ ಹುಲ್ಲು ಹೊಡೆದಾದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ತೀರಿ ತಾನಾಗೇ ನಿಲ್ಲುವವರೆಗೆ ಸ್ಲೋನಲ್ಲಿ ಓಡಿಸಿ. ಆರಿದ ಮೇಲೆ ಪ್ಲಗ್ ತೂತಿಗೆ ಅರ್ಧ ಚಮಚ 2ಟಿ ಆಯಿಲ್ ಬಿಟ್ಟು, ಹಗ್ಗ ನಿಧಾನ ಎರಡು ಸಲ ಎಳೆದು, ಪ್ಲಗ್ ಹಾಕಿ. ಹೊಗೆ ಬಾಯಿಗೆ ಬಟ್ಟೆ ತುರುಕಿ, ಕುಂಬಾರ ಹುಳಕ್ಕೆ ಜಾಗ ಬಿಡಬೇಡಿ. ಜೂನ್‌ನಲ್ಲಿ ತೆಗೆಯುವುದು ಮರೆಯಬಾರದು ಅಂತ ನಾನು ಆ ಬಟ್ಟೆಗೆ ಕೆಂಪು ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ಹಗ್ಗ ಎಳೆಯುವ ಹಿಡಿಗೆ ಬಿಗಿದಿಡುತ್ತೇನೆ.